ಶಾಸಕಿಯಾದರೆ ಕರಿ ಕೋಟು ಕಳಚಿಡಬೇಕಾ?

ಪ್ರಶ್ನೆ: ನಾನು ಶಿರಸಿ ಕೋರ್ಟಿನಲ್ಲಿ 11 ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ವಯಸ್ಸು 36. ಹಿಸ್ಸೆ ದಾವೆ (ಆಸ್ತಿ ಪಾಲಿನ ಕೇಸು), ಜೀವನಾಂಶ, ಅತಿಕ್ರಮಣದ ಕೇಸುಗಳು ಜಾಸ್ತಿ. ಎರಡು ವರ್ಷದಿಂದ ಸರ್ಕಾರಿ ವಕೀಲೆಯೂ ಆಗಿದ್ದೇನೆ. ಒಂದು ಬ್ಯಾಂಕಿನ ವಕೀಲರ ಪ್ಯಾನಲ್ಲಿನಲ್ಲಿ ಹೆಸರಿದೆ. 2028ರ ವಿಧಾನಸಭೆ ಚುನಾವಣೆಗೆ ತಯಾರಾಗಿ ಎಂದು ಒಂದು ಪಕ್ಷದವರು ಹೇಳಿದ್ದಾರೆ, ಟಿಕೆಟ್ ಖಾತ್ರಿ ಏನೂ ಇಲ್ಲ. ಹಿರಿಯ ವಕೀಲರೊಬ್ಬರು "ಗೆದ್ದರೆ ಸನ್ನದು (ವಕೀಲಿ ಮಾಡುವ ಪರವಾನಗಿ) ವಾಪಸ್ ಕೊಡಬೇಕು, ಸೋತರೆ ಕಕ್ಷಿದಾರರು ಹತ್ತಿರ ಬರುವುದಿಲ್ಲ" ಎನ್ನುತ್ತಾರೆ. ಸರ್ಕಾರಿ ವಕೀಲಿ ಇದ್ದರೆ ನಾಮಪತ್ರವೇ ತಿರಸ್ಕಾರ ಆಗುತ್ತದೆ ಎಂದು ಇನ್ನೊಬ್ಬರು. ನನ್ನ ಮತ ಇರುವುದು ಬನವಾಸಿ ಕಡೆ, ಅದು ಯಲ್ಲಾಪುರ ಕ್ಷೇತ್ರ. ಶಿರಸಿಯಲ್ಲಿ ನಿಲ್ಲಲು ಬರುತ್ತದಾ? ಖರ್ಚಿಗೆ ತೋಟದ ಒಂದು ಭಾಗ ಮಾರೋಣ ಎಂದು ಅಪ್ಪಯ್ಯ ಹೇಳುತ್ತಿದ್ದಾರೆ. ಇಷ್ಟೆಲ್ಲ ಬೇಕಾ ಎಂದು ಮನೆಯವರಿಗೆ ಚಿಂತೆ. ನಿಜ ಏನು, ದಾರಿ ಯಾವುದು, ತಿಳಿಸಿ.

ಉತ್ತರ: ನಮಸ್ಕಾರ. ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿದ್ದರೂ ಒಳಗಿರುವ ಭಯ ಒಂದೇ ಅಲ್ವಾ? 11 ವರ್ಷ ಕಷ್ಟಪಟ್ಟು ಕಟ್ಟಿದ ವಕೀಲಿ ಕೈತಪ್ಪಿ, ರಾಜಕೀಯವೂ ಕೈಹಿಡಿಯದೆ ಹೋದರೆ ಗತಿ ಏನು ಎಂಬುದು. ಕಾರವಾರದ ಕೋರ್ಟಿನಿಂದ ಧಾರವಾಡದ ಹೈಕೋರ್ಟ್ ಪೀಠದವರೆಗೆ ಚುನಾವಣೆಗೆ ಸಂಬಂಧಿಸಿದ ಕೇಸುಗಳನ್ನು ನೋಡಿಕೊಂಡು ಬಂದವನಾಗಿ ಹೇಳುತ್ತೇನೆ, ನಿಮ್ಮ ಭಯಕ್ಕೆ ಕಾರಣ ಇದೆ. ಆದರೆ ನೀವು ಹೆದರುತ್ತಿರುವ ಜಾಗ ಒಂದು, ಅಪಾಯ ಇರುವ ಜಾಗ ಇನ್ನೊಂದು. ಸನ್ನದಿಗೆ ಏನೂ ಆಗುವುದಿಲ್ಲ. ಜೋಪಾನ ಮಾಡಬೇಕಾದದ್ದು ಕಕ್ಷಿದಾರರು ನಿಮ್ಮ ಮೇಲೆ ಇಟ್ಟ ನಂಬಿಕೆಯನ್ನು.

ಸನ್ನದಿನ ಮಾತು ಬೇಗ ಮುಗಿಸುತ್ತೇನೆ. ಶಾಸಕರು, ಸಂಸದರು ವಕೀಲಿ ಮಾಡಬಾರದು ಎಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿತ್ತು. 2018ರ ಸೆಪ್ಟೆಂಬರ್ 25ರಂದು ಅದು ವಜಾ ಆಯಿತು. ಪೂರ್ಣಾವಧಿ ಸಂಬಳದ ನೌಕರರು ವಕೀಲಿ ಮಾಡಬಾರದು ಎಂಬುದು ಬಾರ್ ಕೌನ್ಸಿಲಿನ 49ನೇ ನಿಯಮ. ಶಾಸಕರಿಗೆ ಬೊಕ್ಕಸದಿಂದ ಸಂಬಳ ಬರುತ್ತದೆ ನಿಜ, ಆದರೆ ಅವರು ಸರ್ಕಾರದ ನೌಕರರಲ್ಲ, ಹಾಗಾಗಿ ಆ ನಿಯಮ ಅವರಿಗೆ ತಾಗುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಆ ತೀರ್ಪು ಇರುವವರೆಗೆ ನೀವು ಗೆದ್ದ ಮರುದಿನವೂ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗಬಹುದು. ಮುಂದೆ ಬಾರ್ ಕೌನ್ಸಿಲ್ ಬೇರೆ ನಿಯಮ ತಂದರೆ ಆಗ ನೋಡೋಣ. ಮಂತ್ರಿಯಾದರೆ ಮಾತ್ರ ಲೆಕ್ಕ ಬೇರೆ. ಅದು ಪೂರ್ತಿ ಹೊತ್ತಿನ ಕೆಲಸ, ವಕೀಲಿ ನಿಲ್ಲಿಸುವುದೇ ರೂಢಿ. ಆಗಲೂ ಸನ್ನದನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿ ಇಡಲು ರಾಜ್ಯ ವಕೀಲರ ಪರಿಷತ್ತಿಗೆ ಅರ್ಜಿ ಕೊಟ್ಟರೆ ಸಾಕು. ಹಿಂದಿರುಗಿ ಬಂದಾಗ ಮತ್ತೆ ಶುರು ಮಾಡಬಹುದು.

ಸರ್ಕಾರಿ ವಕೀಲಿಯ ವಿಷಯ ಮಾತ್ರ ಇಷ್ಟು ಸಲೀಸಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸರ್ಕಾರದ ಅಧೀನದಲ್ಲಿ ಲಾಭದಾಯಕ ಹುದ್ದೆ ಇರುವವರು ಶಾಸಕರಾಗಿ ಆಯ್ಕೆಯಾಗುವಂತಿಲ್ಲ ಎನ್ನುತ್ತದೆ ಸಂವಿಧಾನದ 191ನೇ ವಿಧಿ. ಸರ್ಕಾರವನ್ನು ಪ್ರಶ್ನೆ ಮಾಡಬೇಕಾದವರು ಅದೇ ಸರ್ಕಾರದ ಹಂಗಿನಲ್ಲಿ ಇರಬಾರದು ಎಂಬುದು ಇದರ ಹಿಂದಿನ ಕಾರಣ. ವಕೀಲರ ವಿಷಯದಲ್ಲಿ ಇದು ಎರಡು ಸಲ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಎರಡು ಬೇರೆ ಬೇರೆ ಉತ್ತರ ಬಂದಿದೆ. ರೈಲ್ವೆಯ ಪ್ಯಾನಲ್ ವಕೀಲರೊಬ್ಬರ ಕೇಸಿನಲ್ಲಿ ಅದು ಲಾಭದಾಯಕ ಹುದ್ದೆಯೇ ಎಂದು ತೀರ್ಮಾನವಾಯಿತು. ಇನ್ನೊಂದು, ನಿಮ್ಮ ಹಾಗೆಯೇ ವಕೀಲೆಯಾಗಿದ್ದ ರಾಜಸ್ಥಾನದ ಕಾಂತಾ ಕಥೂರಿಯಾ ಅವರದು. ಸರ್ಕಾರದ ಪರವಾಗಿ ಒಂದೇ ಒಂದು ಪಂಚಾಯ್ತಿಕೆ (ಆರ್ಬಿಟ್ರೇಷನ್) ವ್ಯಾಜ್ಯ ನಡೆಸಲು ಅವರನ್ನು ವಿಶೇಷ ವಕೀಲೆಯಾಗಿ ನೇಮಿಸಲಾಗಿತ್ತು. 1967ರಲ್ಲಿ ಶಾಸಕಿಯಾಗಿ ಗೆದ್ದರು. ಹೈಕೋರ್ಟ್ ಆಯ್ಕೆಯನ್ನು ರದ್ದು ಮಾಡಿತು. 1969ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ನ್ಯಾಯಮೂರ್ತಿಗಳು ಅವರ ಪರ ನಿಂತರು: ಒಂದು ಕೇಸಿಗಾಗಿ ಕೊಟ್ಟ ಕೆಲಸ, ಅವರು ಬಿಟ್ಟರೆ ಅಲ್ಲಿಗೆ ಮುಗಿಯುವಂಥದ್ದು, ಅದು ಹುದ್ದೆಯಾಗುವುದಿಲ್ಲ ಎಂದರು. ಉಳಿದ ಇಬ್ಬರು ಒಪ್ಪಲಿಲ್ಲ, ಅವರಲ್ಲಿ ಮುಖ್ಯ ನ್ಯಾಯಮೂರ್ತಿಗಳೂ ಇದ್ದರು.

ಈಗ ನಿಮ್ಮ ಸ್ಥಿತಿ ನೋಡಿ. ನಿಮ್ಮದು ಒಂದು ಕೇಸಿನ ಕೆಲಸ ಅಲ್ಲ. ಸರ್ಕಾರದ ಆದೇಶದಿಂದ ನೇಮಕ, ತಿಂಗಳಿಗೆ ಇಷ್ಟು ಎಂದು ಗೌರವಧನ, ನೀವು ಬಿಟ್ಟರೆ ಆ ಜಾಗಕ್ಕೆ ಇನ್ನೊಬ್ಬರು. ಅಂದರೆ ಕಾಂತಾ ಅವರನ್ನು ಉಳಿಸಿದ ಕಾರಣ ನಿಮಗೆ ಸಿಗುವುದಿಲ್ಲ. ಕೆಲವು ಹುದ್ದೆಗಳಿಗೆ ವಿನಾಯಿತಿ ಕೊಡುವ 1956ರ ಕಾಯ್ದೆಯೊಂದು ನಮ್ಮ ರಾಜ್ಯದಲ್ಲಿ ಇದೆ. ಅದನ್ನು ಹಿಡಿದು ವಾದ ಮಾಡುವ ಪರಿಸ್ಥಿತಿಗೇ ಹೋಗಬೇಡಿ. "ನಾನು ಗೌರವಧನ ತೆಗೆದುಕೊಂಡೇ ಇಲ್ಲ" ಎಂದರೂ ನಡೆಯುವುದಿಲ್ಲ. 2006ರಲ್ಲಿ ಜಯಾ ಬಚ್ಚನ್ ರಾಜ್ಯಸಭಾ ಸ್ಥಾನ ಕಳೆದುಕೊಂಡದ್ದು ಇದೇ ಕಾರಣಕ್ಕೆ. ಹಣ ಕೈಗೆ ಬಂತಾ ಎನ್ನುವುದು ಮುಖ್ಯ ಅಲ್ಲ, ಹುದ್ದೆಗೆ ಹಣ ನಿಗದಿಯಾಗಿತ್ತಾ ಎನ್ನುವುದು ಮುಖ್ಯ ಎಂದಿತು ಕೋರ್ಟು.

ಇದಕ್ಕೆ ಪರಿಹಾರ ಸುಲಭವಾಗಿಯೇ ಇದೆ. ಅರ್ಹತೆ ನೋಡುವುದು ನಾಮಪತ್ರ ಪರಿಶೀಲನೆಯ ದಿನಕ್ಕೆ. ಆ ದಿನ ನೀವು ಹುದ್ದೆಯಲ್ಲಿ ಇರಬಾರದು, ಅಷ್ಟೇ. ಆದರೆ ರಾಜೀನಾಮೆ ಬರೆದು ಕಳಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಾನೂನು ಇಲಾಖೆ ಅದನ್ನು ಅಂಗೀಕರಿಸಿದ ಆದೇಶ ನಿಮ್ಮ ಕೈಯಲ್ಲಿ ಇರಬೇಕು, ಫೈಲುಗಳನ್ನು ಹಸ್ತಾಂತರಿಸಿದ್ದಕ್ಕೆ ಸಹಿ ಬೇಕು. ಚುನಾವಣೆ ಘೋಷಣೆಯಾದ ಮೇಲೆ ಬೆಂಗಳೂರಿಗೆ ಓಡಾಡಿ ಆದೇಶ ತರಿಸಿಕೊಳ್ಳಲು ಹೋಗಬೇಡಿ. ಎಸಿ (ಉಪವಿಭಾಗಾಧಿಕಾರಿ) ಆಫೀಸಿನಲ್ಲಿ ಪರಿಶೀಲನೆ ನಡೆಯುವಾಗ ಎದುರಾಳಿಯ ಏಜೆಂಟರು ಒಂದು ಹಳೆಯ ನೇಮಕಾತಿ ಆದೇಶದ ಪ್ರತಿ ಮೇಜಿನ ಮೇಲೆ ಇಡುತ್ತಾರೆ. ಉತ್ತರ ಕೊಡಲು ನಿಮ್ಮ ಹತ್ತಿರ ಇನ್ನೊಂದು ಕಾಗದ ಇರಬೇಕು. ಅಲ್ಲಿ ಬಾಯಿಮಾತು ಯಾರೂ ಕೇಳುವುದಿಲ್ಲ. ನಾಮಪತ್ರ ಅಂಗೀಕಾರವಾಗಿ ಗೆದ್ದರೂ, ಫಲಿತಾಂಶದ ನಂತರ 45 ದಿನದೊಳಗೆ ಹೈಕೋರ್ಟಿನಲ್ಲಿ ಇದೇ ವಿಷಯಕ್ಕೆ ಚುನಾವಣಾ ತಕರಾರು ಅರ್ಜಿ ಹಾಕಲು ಬರುತ್ತದೆ.

ಬ್ಯಾಂಕ್ ಪ್ಯಾನಲ್ ಅಷ್ಟು ಅಪಾಯದ್ದಲ್ಲ. ಬ್ಯಾಂಕು ಬೇರೆ, ಸರ್ಕಾರ ಬೇರೆ. ಆದರೂ ಒಂದು ಪತ್ರ ಬರೆದು ಹೆಸರು ತೆಗೆಸಿಕೊಳ್ಳಿ. ಸಾಲ ವಸೂಲಿ ದಾವೆಯಲ್ಲಿ ನೀವು ನೋಟಿಸು ಕಳಿಸಿದ ರೈತನ ಮನೆಗೇ ಮತ ಕೇಳಲು ಹೋಗಬೇಕಾದೀತು.

ಮತದಾರರ ಪಟ್ಟಿಯ ಚಿಂತೆ ಬಿಡಿ. ವಿಧಾನಸಭೆಗೆ ನಿಲ್ಲಲು ರಾಜ್ಯದ ಯಾವುದಾದರೂ ಒಂದು ಕ್ಷೇತ್ರದಲ್ಲಿ ಮತದಾರರಾಗಿದ್ದು 25 ವರ್ಷ ತುಂಬಿದ್ದರೆ ಸಾಕು. ಬೇರೆ ಕ್ಷೇತ್ರದ ಮತದಾರರಾದ್ದರಿಂದ ಆ ಪಟ್ಟಿಯ ದೃಢೀಕೃತ ಪ್ರತಿಯನ್ನು ಮಾತ್ರ ಹಾಜರುಪಡಿಸಬೇಕು. ಇನ್ನು ಮಹಿಳಾ ಮೀಸಲಾತಿ ಬರುತ್ತದೆ, ಟಿಕೆಟ್ ತಾನಾಗಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ. ಆ ಮೀಸಲಾತಿ ಕೊಡುವ 2023ರ ಸಂವಿಧಾನದ 106ನೇ ತಿದ್ದುಪಡಿ ಜಾರಿಗೆ ಬರುವುದು ಜನಗಣತಿಯಾಗಿ, ಕ್ಷೇತ್ರ ಮರುವಿಂಗಡಣೆ ಮುಗಿದ ಮೇಲೆ. ಮೀಸಲಾತಿ ಇಲ್ಲದೆಯೂ ನಮ್ಮ ಉತ್ತರ ಕನ್ನಡ ಜಿಲ್ಲೆ ಹೆಣ್ಣುಮಕ್ಕಳನ್ನು ಗೆಲ್ಲಿಸಿದೆ: 2013ರಲ್ಲಿ ಕುಮಟಾದಿಂದ ಶಾರದಾ ಶೆಟ್ಟಿ, 2018ರಲ್ಲಿ ಕಾರವಾರದಿಂದ ರೂಪಾಲಿ ನಾಯ್ಕ.

ಈಗ ನನಗೆ ನಿಜವಾಗಿ ಕಾಳಜಿ ಇರುವ ವಿಷಯಕ್ಕೆ ಬರುತ್ತೇನೆ. ಗೆದ್ದ ಮೇಲೆ ವಕೀಲಿ ಮಾಡಬಹುದು ಎಂದು ಕಾನೂನು ಹೇಳುತ್ತದೆ. ಯಾವ ಕೇಸು ಮಾಡಬಾರದು ಎನ್ನುವುದನ್ನು ಅದು ಬಿಡಿಸಿ ಹೇಳುವುದಿಲ್ಲ. ಅದನ್ನು ನೀವೇ ಗೆರೆ ಹಾಕಿಕೊಳ್ಳಬೇಕು.

ನಮ್ಮ ಜಿಲ್ಲೆಯಲ್ಲಿ ವಕೀಲರಿಗೆ ಹೆಸರು ಬರುವುದೇ ಭೂಮಿಯ ಕೇಸಿನಿಂದ. ಘಟ್ಟದ ಮೇಲೆ ಅರಣ್ಯ ಅತಿಕ್ರಮಣ, ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು), ಹಿಸ್ಸೆ. ಘಟ್ಟದ ಕೆಳಗೆ ಸೀಬರ್ಡ್ ನೌಕಾನೆಲೆಗೆ ಹೋದ ಜಮೀನಿನ ಪರಿಹಾರ, ಹೆದ್ದಾರಿಗೆ ಹೋದ ಜಾಗ. ನಿಮ್ಮ ಆಫೀಸಿಗೆ ಬರುವ ಅಜ್ಜನೊಬ್ಬನನ್ನು ನೆನಪಿಸಿಕೊಳ್ಳಿ. ಪ್ಲಾಸ್ಟಿಕ್ ಕವರಿನೊಳಗೆ ಮಡಚಿ ಇಟ್ಟ ಕಾಗದಗಳು: ಅರಣ್ಯ ಇಲಾಖೆಗೆ ದಂಡ ಕಟ್ಟಿದ ಹಳೇ ರಶೀದಿ, ಜಿಪಿಎಸ್ ನಕ್ಷೆ, ಅರಣ್ಯ ಹಕ್ಕು ಸಮಿತಿಗೆ ಕೊಟ್ಟ ಅರ್ಜಿಯ ಸ್ವೀಕೃತಿ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸವನ್ನು ತೋರಿಸಬೇಕು. ಆ ಅರ್ಜಿ ನೋಡುವ ಉಪವಿಭಾಗ ಮಟ್ಟದ ಸಮಿತಿಗೆ ಎಸಿಯೇ ಅಧ್ಯಕ್ಷರು. ಪಹಣಿ ತಕರಾರಿನ ಮೇಲ್ಮನವಿ ಕೇಳುವವರೂ ಎಸಿಯೇ. ನೀವು ಶಾಸಕಿಯಾದಿರಿ ಎಂದುಕೊಳ್ಳಿ. ಸೋಮವಾರ ಪ್ರಗತಿ ಪರಿಶೀಲನಾ ಸಭೆಯಲ್ಲಿ ಅಧಿಕಾರಿಗಳನ್ನು ಎದುರಿಗೆ ಕೂರಿಸಿಕೊಂಡು ಕೆಲಸ ಯಾಕೆ ಆಗಿಲ್ಲ ಎಂದು ಕೇಳುತ್ತೀರಿ. ಬುಧವಾರ ಅದೇ ಎಸಿ ಎದುರು ಒಬ್ಬ ಕಕ್ಷಿದಾರನ ಪರ ವಕಾಲತ್ತು ಹಾಕಿ ನಿಲ್ಲುತ್ತೀರಿ. ಎದುರು ಪಾರ್ಟಿಯ ವಕೀಲನಿಗೆ ಏನನ್ನಿಸಬೇಕು? ಆ ಅಧಿಕಾರಿಗೆ?

ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್ ಹುಕುಂ ಸಮಿತಿ ಇದಕ್ಕಿಂತಲೂ ಸೂಕ್ಷ್ಮ. ಅದರಲ್ಲಿ ಶಾಸಕರೇ ಅಧ್ಯಕ್ಷರು, ತಹಶೀಲ್ದಾರರು ಕಾರ್ಯದರ್ಶಿ. ನಿನ್ನೆಯವರೆಗೆ ಯಾರ ಅರ್ಜಿಗೆ ನೀವು ವಕೀಲೆಯಾಗಿದ್ದಿರೋ ಆ ಅರ್ಜಿ ಇಂದು ನಿಮ್ಮ ಮೇಜಿಗೆ ಬರಬಹುದು. ಅಂಥ ಕೇಸಿನಲ್ಲಿ ಫೀಸು ತೆಗೆದುಕೊಂಡಿದ್ದರೆ ಅದು ಫೀಸಾ, ಲಂಚವಾ ಎಂಬ ಪ್ರಶ್ನೆ ಏಳುತ್ತದೆ. ಶಾಸಕರು ಭ್ರಷ್ಟಾಚಾರ ತಡೆ ಕಾಯ್ದೆಯಡಿ ಸಾರ್ವಜನಿಕ ಸೇವಕರು ಎಂಬುದನ್ನು ಮರೆಯಬೇಡಿ. ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು, ವಕೀಲಿಯ ಆದಾಯದ ಪ್ರತಿ ರೂಪಾಯಿಗೂ ರಶೀದಿ ಇರಬೇಕು.

ಹಾಗಾಗಿ ನನ್ನ ಸಲಹೆ: ಗೆದ್ದರೆ ನಿಮ್ಮ ಕ್ಷೇತ್ರದೊಳಗಿನ ಕಂದಾಯ, ಅರಣ್ಯ, ಪೊಲೀಸ್ ಸಂಬಂಧದ ಯಾವ ಕೇಸನ್ನೂ ಇಟ್ಟುಕೊಳ್ಳಬೇಡಿ. ಸರ್ಕಾರ ಪಾರ್ಟಿಯಾಗಿರುವ ಕೇಸು ಬೇಡವೇ ಬೇಡ. ಹೈಕೋರ್ಟಿನ ಸಿವಿಲ್ ಅಪೀಲು, ಖಾಸಗಿ ಹಿಸ್ಸೆ ದಾವೆಗಳ ಮೇಲ್ಮನವಿ, ಇಂಥವು ಮಾಡಬಹುದು. ಎಷ್ಟೋ ಜನ ಶಾಸಕರು ವಕೀಲಿಯನ್ನು ಹೆಸರಿಗೆ ಮಾತ್ರ ಇಟ್ಟುಕೊಂಡಿರುತ್ತಾರೆ. ಬೆಳಿಗ್ಗೆ ಏಳಕ್ಕೆ ಮನೆ ಜಗಲಿಯಲ್ಲಿ ಜನ ಕೂತಿರುತ್ತಾರೆ. ವರ್ಗಾವಣೆ, ಬೋರ್‌ವೆಲ್, ಮಣಿಪಾಲದ ಆಸ್ಪತ್ರೆ ಬಿಲ್ಲು, ಕಾಲುಸಂಕ, ಮದುವೆ ಮನೆ, ಸಾವಿನ ಮನೆ. ಹನ್ನೊಂದು ಗಂಟೆಗೆ ಸಾಕ್ಷಿಯ ಪಾಟಿಸವಾಲು ಮಾಡಲು ಯಾವ ಶಾಸಕಿಗೂ ಪುರುಸೊತ್ತು ಇರುವುದಿಲ್ಲ.

ಕೇಸು ಬಿಡುವುದಕ್ಕೂ ಒಂದು ಕ್ರಮ ಇದೆ. ತಕ್ಕ ಕಾರಣ ಇಲ್ಲದೆ, ಕಕ್ಷಿದಾರರಿಗೆ ಸಾಕಷ್ಟು ಮುಂಚೆ ನೋಟಿಸು ಕೊಡದೆ ವಕೀಲರು ಕೇಸಿನಿಂದ ಹಿಂದೆ ಸರಿಯುವಂತಿಲ್ಲ. ಮಾಡದ ಕೆಲಸದ ಫೀಸು ವಾಪಸ್ ಕೊಡಬೇಕು. ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ಕಕ್ಷಿದಾರರು ನಿಮಗೆ ಹೇಳಿದ ಗುಟ್ಟು ವಕೀಲಿ ಬಿಟ್ಟ ಮೇಲೂ ಗುಟ್ಟೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲೂ ಇದು ಇದೆ. ಪ್ರಚಾರದ ಬಿಸಿಯಲ್ಲಿ, ಎದುರು ಪಕ್ಷದವರ ಮನೆಯ ಹಳೇ ಕೇಸಿನ ವಿಷಯ ವೇದಿಕೆಯಲ್ಲಿ ಎತ್ತು ಎಂದು ನಿಮ್ಮವರೇ ಒತ್ತಾಯ ಮಾಡುತ್ತಾರೆ. ಒಮ್ಮೆ ಎತ್ತಿದರೆ ಶಿರಸಿಯಲ್ಲಿ ಯಾವ ಹೆಂಗಸೂ ತನ್ನ ಸಂಸಾರದ ಕಷ್ಟ ಹೇಳಿಕೊಂಡು ನಿಮ್ಮ ಆಫೀಸಿನ ಮೆಟ್ಟಿಲು ಹತ್ತುವುದಿಲ್ಲ.

ಸೋತರೆ ಕಕ್ಷಿದಾರರು ಬರುವುದಿಲ್ಲ ಎಂಬ ಮಾತು ಅರ್ಧ ನಿಜ. ಬೇರೆ ಪಕ್ಷದವರು ಕೆಲವರು ದೂರವಾಗುತ್ತಾರೆ. ಸರ್ಕಾರ ಬೇರೆಯವರದ್ದು, ಇವರು ಹೋದರೆ ತಹಶೀಲ್ದಾರರ ಹತ್ತಿರ ಕೆಲಸ ಆಗುವುದಿಲ್ಲ ಎಂದುಕೊಳ್ಳುವವರೂ ಇದ್ದಾರೆ. ಆದರೆ ನಾನು ಕಂಡ ಮಟ್ಟಿಗೆ ಜಾಸ್ತಿ ಜನ ಬಿಟ್ಟುಹೋಗುವುದು ಸೋತ ಮೇಲೆ ಅಲ್ಲ, ಚುನಾವಣೆಗೆ ಮೊದಲಿನ ವರ್ಷ. ಆಗ ವಕೀಲರು ವಾಯಿದೆಗೆ ಸಿಗುವುದಿಲ್ಲ. ಕಕ್ಷಿದಾರ ಬಸ್ಸು ಹಿಡಿದು ಸಿದ್ದಾಪುರದಿಂದ ಬಂದು ಕೋರ್ಟಿನ ಹೊರಗೆ ಕಾಯುತ್ತಾನೆ, ಗುಮಾಸ್ತ ಮುಂದಿನ ತಾರೀಖು ಹೇಳಿ ಕಳಿಸುತ್ತಾನೆ. ಮೂರು ಸಲ ಹೀಗಾದರೆ ಯಾರಾದರೂ ಬೇರೆ ವಕೀಲರನ್ನು ಹುಡುಕುತ್ತಾರೆ. ಅದಕ್ಕೇ ಹೇಳುವುದು, ಒಬ್ಬ ಒಳ್ಳೆಯ ಜೂನಿಯರನ್ನು ಈಗಲೇ ತಯಾರು ಮಾಡಿ. 2027ರ ನಂತರ ಹೊಸ ದಾವೆ ತೆಗೆದುಕೊಳ್ಳಬೇಡಿ. ಸಾಕ್ಷಿ ಹಂತದಲ್ಲಿರುವ ಕೇಸುಗಳನ್ನು ಕಕ್ಷಿದಾರರನ್ನು ಕೇಳಿಯೇ ಬೇರೆಯವರಿಗೆ ಒಪ್ಪಿಸಿ.

ವಕೀಲಿಯಿಂದ ರಾಜಕೀಯಕ್ಕೆ ಹೋದವರ ದಾರಿ ನಮ್ಮ ಜಿಲ್ಲೆಗೆ ಹೊಸದಲ್ಲ. ಸಿದ್ದಾಪುರದ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು ಲಖನೌದಲ್ಲಿ ಕಾನೂನು ಓದಿದವರು. 1957ರಲ್ಲಿ ಶಿರಸಿಯಿಂದ ವಿಧಾನಸಭೆಗೆ ಹೋದರು, 1983ರಲ್ಲಿ ಮುಖ್ಯಮಂತ್ರಿಯಾದರು. ಜಿಲ್ಲಾ ಪರಿಷತ್ತುಗಳಿಗೆ ಅಧಿಕಾರ ಕೊಟ್ಟ 1983ರ ಕಾಯ್ದೆ ಅವರ ಸರ್ಕಾರದ್ದು. ಹಳಿಯಾಳದ ಆರ್.ವಿ. ದೇಶಪಾಂಡೆಯವರೂ ಕಾನೂನು ಪದವೀಧರರು. 1983ರಲ್ಲಿ ಮೊದಲ ಸಲ ಗೆದ್ದರು, 2008ರಲ್ಲಿ ಸೋತರು, 2013ರಲ್ಲಿ ಮತ್ತೆ ಗೆದ್ದು ಬಂದರು. ರಾಜಕೀಯಕ್ಕೆ ಕಾಲಿಟ್ಟರೆ ನ್ಯಾಯಪೀಠದ ಬಾಗಿಲು ಮುಚ್ಚಿತು ಎನ್ನುವವರಿಗೆ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆಯವರ ಹೆಸರು ಹೇಳಬಹುದು. ರಾಜ್ಯಸಭೆಯಿಂದ 1957ರಲ್ಲಿ ಹೈಕೋರ್ಟಿಗೆ, 1967ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು, ಆಮೇಲೆ ಲೋಕಸಭೆಯ ಸ್ಪೀಕರ್ ಕೂಡ ಆದರು. ಈಗಿನ ಕಾಲದಲ್ಲಿ ಅದು ಅಪರೂಪ, ನ್ಯಾಯಾಧೀಶೆಯಾಗುವ ಆಸೆ ನಿಮಗಿದ್ದರೆ ಮೊದಲು ಅದನ್ನು ಇತ್ಯರ್ಥ ಮಾಡಿಕೊಳ್ಳಿ.

ಒಂದು ವಿಷಯಕ್ಕೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಕೋರ್ಟಿನಲ್ಲಿ ನಿಮ್ಮ ವಾದ ನಿಮ್ಮದು. ಸದನದಲ್ಲಿ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಆದೇಶ, ಇರುತ್ತದೆ. ಮಸೂದೆಯ ಒಂದು ಕಲಮು ಕಾನೂನಿಗೆ ಸರಿಯಲ್ಲ ಎಂದು ನಿಮಗೆ ಅನ್ನಿಸಿದರೂ, ವಿಪ್ ಮೀರಿ ಮತ ಹಾಕಿದರೆ ಪಕ್ಷಾಂತರ ನಿಷೇಧದಡಿ ಸ್ಥಾನವೇ ಹೋಗಬಹುದು. ಶಾಸಕರ ಅನರ್ಹತೆಯಿಂದ 2019ರಲ್ಲಿ ನಡೆದ ಉಪಚುನಾವಣೆಗಳಲ್ಲಿ ನಿಮ್ಮ ಯಲ್ಲಾಪುರವೂ ಒಂದು. ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಪ್ರಶ್ನೋತ್ತರ ಇದೆ, ಸಮಿತಿಗಳಿವೆ, ಮಸೂದೆಯ ಚರ್ಚೆ ಇದೆ. ಮಸೂದೆಯನ್ನು ಪೂರ್ತಿ ಓದಿಕೊಂಡು ಬರುವ ಶಾಸಕರು ಕಡಿಮೆ. ಓದುವ ಅಭ್ಯಾಸ ಇರುವ ವಕೀಲೆ ಅಲ್ಲಿ ನಿಜಕ್ಕೂ ಬೇಕು. ಅರಣ್ಯ ಹಕ್ಕಿನ ಅರ್ಜಿಗಳು ಯಾವ ಹಂತದಲ್ಲಿ, ಯಾವ ದಾಖಲೆಗೆ ತಿರಸ್ಕಾರವಾಗುತ್ತಿವೆ ಎಂದು ನಿಮ್ಮಷ್ಟು ಚೆನ್ನಾಗಿ ಯಾರು ಕೇಳಬಲ್ಲರು? ನೀವು ಹೋಗಬೇಕು ಎಂದು ನನಗನ್ನಿಸುವುದು ಇದೇ ಕಾರಣಕ್ಕೆ.

ಕೊನೆಗೆ ದುಡ್ಡು, ತೋಟ.

ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 2022ರಿಂದ 40 ಲಕ್ಷ. ಅಷ್ಟೂ ಖರ್ಚು ಮಾಡಲೇಬೇಕು ಎಂದಲ್ಲ, ಅದು ಮೇಲಿನ ಗಡಿ. ಠೇವಣಿ 10,000. ಚಲಾವಣೆಯಾದ ಮತದ ಆರನೇ ಒಂದು ಭಾಗ ದಾಟದಿದ್ದರೆ ಅದು ಹೋಯಿತು. ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಫಲಿತಾಂಶದ ನಂತರ 30 ದಿನದಲ್ಲಿ ಲೆಕ್ಕ ಕೊಡಬೇಕು, ಸೋತವರೂ ಕೊಡಬೇಕು. ಸೋತ ಬೇಸರದಲ್ಲಿ ಇದನ್ನು ಮರೆತು ಮೂರು ವರ್ಷ ಅನರ್ಹರಾದವರಿದ್ದಾರೆ.

ತೋಟ ಮಾರುವುದಕ್ಕೆ ನನ್ನ ಸ್ಪಷ್ಟ ವಿರೋಧ ಇದೆ. ಟಿಕೆಟ್ ಇನ್ನೂ ಕೈಗೆ ಬಂದಿಲ್ಲ. ಟಿಕೆಟ್ ಕೊಡುವವರು ಮೊದಲು ಕೇಳುವುದು ನಿಮ್ಮ ಹತ್ತಿರ ಎಷ್ಟಿದೆ ಎಂದೇ ಆದರೆ, ನಿಮ್ಮ ವಕೀಲಿಯ ಹೆಸರು ಅವರಿಗೆ ಬೇಕಾಗಿಲ್ಲ ಎಂದು ಅರ್ಥ. ಹಿಸ್ಸೆ ದಾವೆ ನಡೆಸುವ ನಿಮಗೆ ನಾನು ಹೇಳಬೇಕಾಗಿಲ್ಲ: ಪಿತ್ರಾರ್ಜಿತ ತೋಟವಾದರೆ ಒಡಹುಟ್ಟಿದವರ ಹಕ್ಕೂ ಅದರಲ್ಲಿದೆ, ತೋಟದ ಜೊತೆಗಿನ ಬೆಟ್ಟದ ಸೌಲಭ್ಯವೂ ಇದೆ. ಹೊಸದಾಗಿ ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಗೆದ್ದರೂ ಆ ಹಣ ಸಂಬಳದಿಂದ ತುಂಬುವುದಿಲ್ಲ. 2025ರಲ್ಲಿ ಶಾಸಕರ ಮೂಲ ಸಂಬಳ 40,000ದಿಂದ 80,000ಕ್ಕೆ ಏರಿದೆ ನಿಜ, ಆದರೆ ಜಾತ್ರೆ, ಯಕ್ಷಗಾನದ ಆಟ, ದೇವಸ್ಥಾನದ ವಂತಿಗೆಗೇ ಅದು ಕರಗುತ್ತದೆ. ತೋಟ ಮಾರಿ ಗೆದ್ದವರಿಗೆ ಹಾಕಿದ ದುಡ್ಡು ತೆಗೆಯುವ ಒತ್ತಡ ಮೊದಲ ದಿನದಿಂದಲೇ ಶುರುವಾಗುತ್ತದೆ. ತಂದೆಯವರ ಪ್ರೀತಿ ದೊಡ್ಡದು, ಅವರಿಗೆ ಇದನ್ನು ಹೀಗೆಯೇ ಹೇಳಿ. ಪಕ್ಷದ ನಿಧಿ ಎಷ್ಟು, ಊರವರು, ಸ್ನೇಹಿತರು ಚೆಕ್ಕಿನಲ್ಲಿ ಕೊಡುವುದು ಎಷ್ಟು ಎಂದು ಮೊದಲು ಲೆಕ್ಕ ಹಾಕಿ. ಅದಕ್ಕೆ ನಿಮ್ಮ ಉಳಿತಾಯದ ಒಂದು ಪಾಲು ಸೇರಿಸಿ. ಅಷ್ಟರಲ್ಲಿ ಆಗದಿದ್ದರೆ ಈ ಸಲ ಬೇಡ.

ಈ ಸಲ ಬೇಡ ಎಂದರೂ ದಾರಿ ಮುಗಿಯುವುದಿಲ್ಲ. ಮೊದಲೆಲ್ಲ ಜಿಲ್ಲಾ ಪಂಚಾಯತಿಯಿಂದ ಶುರು ಮಾಡಿ ಎನ್ನುತ್ತಿದ್ದೆ. 2021ರಲ್ಲಿ ಅವಧಿ ಮುಗಿದ ಮೇಲೆ ಅದಕ್ಕೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಹಾಗಾಗಿ ಅದನ್ನೇ ನಂಬಿ ಎನ್ನಲಾರೆ. ಚುನಾವಣೆ ಬಂದರೆ ನಿಲ್ಲಿ. ಅಲ್ಲಿಯವರೆಗೆ ಹಳ್ಳಿಗಳ ಅರಣ್ಯ ಹಕ್ಕು ಸಮಿತಿಗಳ ಜೊತೆ ಕೂತು, ಬಾಕಿ ಅರ್ಜಿಗಳ ದಾಖಲೆ ಸರಿಪಡಿಸಿ ಕೊಡಿ. ಸರ್ಕಾರಿ ವಕೀಲೆಯಾಗಿ ಇರುವವರೆಗೆ ಇದನ್ನು ಮಾಡುವಂತಿಲ್ಲ, ಎದುರು ಪಾರ್ಟಿ ಸರ್ಕಾರವೇ. ನಿಲ್ಲುವ ಮನಸ್ಸು ಗಟ್ಟಿಯಿದ್ದರೆ ಆ ರಾಜೀನಾಮೆಯನ್ನು ಮುಂದೂಡಬೇಡಿ ಎನ್ನಲು ಇದೂ ಒಂದು ಕಾರಣ.

ಟಿಕೆಟ್ ಮಾತುಕತೆ ಗಟ್ಟಿಯಾದರೆ ನಾಮಪತ್ರದ ಜೊತೆ ಕೊಡುವ ಫಾರ್ಮ್ 26ರ ಪ್ರಮಾಣಪತ್ರದ ಕರಡನ್ನು ನನಗೆ ಕಳಿಸಿ. ಅವಿಭಕ್ತ ಕುಟುಂಬದ ಆಸ್ತಿಯ ಅಂಕಣದಲ್ಲಿ ತೋಟವನ್ನು ಕಾಣಿಸಬೇಕು. ಯಾವ ಅಂಕಣವನ್ನೂ ಖಾಲಿ ಬಿಡಬಾರದು, ಏನೂ ಇಲ್ಲದ ಕಡೆ "ಇಲ್ಲ" ಎಂದಾದರೂ ಬರೆಯಬೇಕು. ಖಾಲಿ ಬಿಟ್ಟದ್ದನ್ನು ಚುನಾವಣಾಧಿಕಾರಿ ಹೇಳಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕಾರ ಆಗುತ್ತದೆ. ನೋಡಿ ತಿದ್ದಿ ಕೊಡುತ್ತೇನೆ.